ರಕ್ತ ಚೆಲ್ಲುವ ಹಾರರ್ ಥ್ರಿಲ್ಲರ್‌ಗಳು ಮತ್ತು ಅವುಗಳ ಸ್ಪೆಷಲ್ ಎಡಿಷನ್ ಡಿಸ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾರರ್ ಸಿನಿಮಾವೊಂದು ಹೊಸ ಡಿಸ್ಕ್ ಆಗಿ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಇಷ್ಟು ವರ್ಷ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಾನು ಮೊದಲು ನೋಡುವುದು ಒಂದೇ: ಡಿಸ್ಕ್‌ನಲ್ಲಿರುವ ಚಿತ್ರ ಯಾವ ರೀಲಿನಿಂದ ಬಂದಿದೆ? ಪೆಟ್ಟಿಗೆ, ಪೋಸ್ಟರ್, ಪುಸ್ತಕ ಎಲ್ಲ ಆಮೇಲೆ.

ಸಿನಿಮಾ ಸ್ಟ್ರೀಮಿಂಗ್‌ನಲ್ಲಿ ಇದೆಯಲ್ಲ, ಡಿಸ್ಕ್ ಯಾಕೆ ಬೇಕು?

ಹಾರರ್ ಸಿನಿಮಾದ ಅರ್ಧ ಕೆಲಸ ನಡೆಯುವುದೇ ಕತ್ತಲಲ್ಲಿ. ನೆಲಮಾಳಿಗೆಯ ಮೆಟ್ಟಿಲು, ಆರಿದ ದೀಪ, ಬಾಗಿಲ ಸಂದಿಯಲ್ಲಿ ನಿಂತ ಆಕೃತಿ. ಸ್ಟ್ರೀಮಿಂಗ್‌ನಲ್ಲಿ ಚಿತ್ರವನ್ನು ತುಂಬಾ ಹಿಂಡಿ ಕಳಿಸುತ್ತಾರೆ. ಹಿಂಡಿದಾಗ ಮೊದಲು ಹಾಳಾಗುವುದು ಈ ಕತ್ತಲೇ. ಕಪ್ಪು ಬಣ್ಣ ಮೆತ್ತಗೆ ಇಳಿಯುವ ಬದಲು ಪಟ್ಟೆ ಪಟ್ಟೆಯಾಗಿ, ಚೌಕ ಚೌಕವಾಗಿ ಒಡೆಯುತ್ತದೆ. ಸಾಮಾನ್ಯ ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗ ಇರುತ್ತದೆ. ಬ್ಲೂ-ರೇಗಿಂತ ನಾಲ್ಕು ಪಟ್ಟು ಚುಕ್ಕೆಗಳಿರುವ ಚಿತ್ರ ಕೊಡುವ 4ಕೆ ಡಿಸ್ಕ್, 100 ಜಿಬಿಯದ್ದಾದರೆ, ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಹೋಗಬಲ್ಲದು. ಸಾಮಾನ್ಯವಾಗಿ ಸ್ಟ್ರೀಮಿಂಗ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಸ್ಟ್ರೀಮಿಂಗ್‌ನಲ್ಲಿ ಯಾವ ಆವೃತ್ತಿ ಹಾಕಿದ್ದಾರೆ ಅಂತ ಬಹಳ ಸಲ ಗೊತ್ತೇ ಆಗುವುದಿಲ್ಲ. ಕತ್ತರಿ ಬಿದ್ದದ್ದೋ ಬೀಳದ್ದೋ? ಇವತ್ತು ಇದ್ದದ್ದು ನಾಳೆ ಇರುತ್ತದೋ? ಡಿಸ್ಕ್ ಕಪಾಟಿನಲ್ಲಿದ್ದರೆ ಈ ತಲೆಬಿಸಿ ಇಲ್ಲ.

ಅನ್‌ಕಟ್, ಅನ್‌ರೇಟೆಡ್, ಡೈರೆಕ್ಟರ್ಸ್ ಕಟ್ ಎಲ್ಲ ಒಂದೇನಾ?

ಅಲ್ಲ, ಒಂದೊಂದೂ ಬೇರೆ.

ಅನ್‌ಕಟ್ ಅಂದರೆ ಸೆನ್ಸಾರ್‌ಗಾಗಿ ತೆಗೆದ ತುಣುಕುಗಳೆಲ್ಲ ವಾಪಸ್ ಸೇರಿವೆ ಎಂದು ಅರ್ಥ. ಅನ್‌ರೇಟೆಡ್ ಎಂಬುದು ಅಮೆರಿಕದ ಮಾತು. ಈ ಆವೃತ್ತಿಯನ್ನು ಅಲ್ಲಿನ ರೇಟಿಂಗ್ ಮಂಡಳಿಗೆ ತೋರಿಸಿಲ್ಲ, ಅಥವಾ ಅವರು ಕೊಟ್ಟ ರೇಟಿಂಗ್ ಒಪ್ಪಿಕೊಂಡಿಲ್ಲ ಅಂತ. ಅಲ್ಲಿ ಮೊದಲು ಎಕ್ಸ್ ಎಂಬ ರೇಟಿಂಗ್ ಇತ್ತು. ಅದು ನೀಲಿ ಚಿತ್ರಗಳ ಗುರುತಾಗಿಬಿಟ್ಟಿತ್ತು. ಎಕ್ಸ್ ಬಿದ್ದ ಹಾರರ್ ಸಿನಿಮಾಗೆ ಥಿಯೇಟರ್ ಸಿಗುವುದೂ ಕಷ್ಟ, ಪತ್ರಿಕೆಯಲ್ಲಿ ಜಾಹೀರಾತು ಸಿಗುವುದೂ ಕಷ್ಟ. 1990ರಲ್ಲಿ ಅದರ ಜಾಗಕ್ಕೆ ಎನ್‌ಸಿ-17 ಬಂತು. ಆದರೂ ಭಯ ಹೋಗಲಿಲ್ಲ. ಹಾಗಾಗಿ ನಿರ್ಮಾಪಕರು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆರ್ ರೇಟಿಂಗ್ ಸಿಗುವವರೆಗೂ ಒಂದೊಂದೇ ಫ್ರೇಮ್ ಕತ್ತರಿಸುತ್ತಾ ಹೋಗುತ್ತಿದ್ದರು. 80ರ ದಶಕದ ಸ್ಲ್ಯಾಶರ್ ಸಿನಿಮಾಗಳಲ್ಲಿ, ಅಂದರೆ ಕೊಲೆಗಾರ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಚಿತ್ರಗಳಲ್ಲಿ, ಕೊಡಲಿ ಮೇಲೆ ಏಳುತ್ತದೆ, ಅಷ್ಟರಲ್ಲೇ ದೃಶ್ಯ ಬದಲಾಗುತ್ತದೆ. ಆ ಜಿಗಿತ ಬಹಳ ಸಲ ನಿರ್ದೇಶಕನ ಕೈಚಳಕ ಅಲ್ಲ, ಕತ್ತರಿಯ ಗುರುತು.

ಡೈರೆಕ್ಟರ್ಸ್ ಕಟ್ ಎಂಬ ಮಾತನ್ನು ಮಾತ್ರ ಹುಷಾರಾಗಿ ಓದಿ. ಜಾರ್ಜ್ ರೊಮೆರೊ ಅವರ 'ಡಾನ್ ಆಫ್ ದಿ ಡೆಡ್' (1978) ಮೂರು ಆವೃತ್ತಿಗಳಲ್ಲಿ ಸಿಗುತ್ತದೆ. ಅಮೆರಿಕದ ಥಿಯೇಟರ್‌ಗೆ ಬಂದದ್ದು 127 ನಿಮಿಷ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ಹೊತ್ತಿಗೆ ತೋರಿಸಲು ಅವಸರದಲ್ಲಿ ಜೋಡಿಸಿದ್ದು 139 ನಿಮಿಷ. ಯೂರೋಪಿಗಾಗಿ ಇಟಲಿಯ ನಿರ್ದೇಶಕ ದಾರಿಯೊ ಅರ್ಜೆಂಟೊ ಎಡಿಟ್ ಮಾಡಿಸಿದ್ದು 119 ನಿಮಿಷ. 139 ನಿಮಿಷದ್ದಕ್ಕೇ ಎಷ್ಟೋ ಸಲ ಡೈರೆಕ್ಟರ್ಸ್ ಕಟ್ ಎಂದು ಹೆಸರು ಹಚ್ಚಿ ಮಾರಿದ್ದಾರೆ. ಆದರೆ ರೊಮೆರೊ ತಮ್ಮದು ಎಂದದ್ದು 127 ನಿಮಿಷದ್ದನ್ನೇ. ಅರ್ಜೆಂಟೊ ಆವೃತ್ತಿಯಲ್ಲಿ ತಮಾಷೆ ಕಡಿಮೆ, ಗಾಬ್ಲಿನ್ ತಂಡದ ಸಂಗೀತ ಜಾಸ್ತಿ, ಓಟವೂ ಜಾಸ್ತಿ. ಮೂರೂ ಇರುವ ಸೆಟ್ ಸಿಕ್ಕಿದರೆ ಅದು ನಿಜವಾದ ಸ್ಪೆಷಲ್ ಎಡಿಷನ್. ಮೂರನ್ನೂ ಬೇರೆ ಬೇರೆ ವಾರ ನೋಡಿ. ಒಂದೇ ಶಾಟ್‌ಗಳಿಂದ ಮೂರು ಬೇರೆ ಸಿನಿಮಾ ಹೇಗಾಗುತ್ತವೆ ಅಂತ ಕಣ್ಣೆದುರೇ ಕಾಣುತ್ತದೆ.

ಆವೃತ್ತಿ ಉದ್ದವಾದಷ್ಟೂ ರಕ್ತ ಜಾಸ್ತಿ ಎಂದುಕೊಳ್ಳುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 'ಹ್ಯಾಲೊವೀನ್' (1978) ಚಿತ್ರದ ಟಿವಿ ಆವೃತ್ತಿಗೆ, ಎರಡನೇ ಭಾಗದ ಶೂಟಿಂಗ್ ಹೊತ್ತಿನಲ್ಲಿ ಹೊಸ ದೃಶ್ಯಗಳನ್ನು ತೆಗೆದು ಸೇರಿಸಿದ್ದರು. ಟಿವಿಗೆ ಬೇಕಾದ ಸಮಯ ತುಂಬಿಸುವುದಕ್ಕೆ, ಅಷ್ಟೇ. ಅವುಗಳಲ್ಲಿ ಒಂದು ಹನಿ ರಕ್ತವೂ ಇಲ್ಲ, ಬರೀ ಮಾತು.

ಬಾಕ್ಸ್ ಮೇಲೆ ನಾಲ್ಕು ನಿಮಿಷ ಕಡಿಮೆ ಇದೆ. ಕತ್ತರಿಸಿದ್ದಾರಾ?

ಹಳೆಯ ಯೂರೋಪಿನ ಡಿವಿಡಿ ಆಗಿದ್ದರೆ ಗಾಬರಿ ಬೇಡ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಅಲ್ಲಿನ ಪಾಲ್ ಟಿವಿ ವ್ಯವಸ್ಥೆ 25ರದ್ದು. ಹಾಗಾಗಿ ಇಡೀ ಸಿನಿಮಾವನ್ನು ಸ್ವಲ್ಪ ಜೋರಾಗಿ ಓಡಿಸುತ್ತಿದ್ದರು. 100 ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯುತ್ತದೆ. ಕಿರುಚಾಟವೂ ಒಂದು ಎಳೆ ಎತ್ತರದ ಸ್ವರದಲ್ಲಿ ಕೇಳುತ್ತದೆ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ 24ರಲ್ಲೇ ಇರುವುದರಿಂದ ಈ ತೊಂದರೆ ಇಲ್ಲ. ಬ್ಲೂ-ರೇಯಲ್ಲೂ ನಿಮಿಷಗಳು ಕಡಿಮೆಯಾಗಿದ್ದರೆ ಆಗ ಅನುಮಾನ ಪಡಿ.

'ವಿಡಿಯೋ ನಾಸ್ಟಿ' ಎಂದು ಬಾಕ್ಸ್ ಮೇಲೆ ಹೆಮ್ಮೆಯಿಂದ ಬರೆದಿರುತ್ತಾರಲ್ಲ, ಏನದು?

80ರ ದಶಕದ ಶುರುವಿನಲ್ಲಿ ಬ್ರಿಟನ್‌ನಲ್ಲಿ ಮನೆ ಮನೆಗೆ ವಿಡಿಯೋ ಬಂತು. ಥಿಯೇಟರ್‌ಗೆ ಸೆನ್ಸಾರ್ ಇತ್ತು, ಕ್ಯಾಸೆಟ್‌ಗೆ ಇರಲಿಲ್ಲ. ಆ ಸಂದಿಯಲ್ಲಿ ಭೀಕರ ಸಿನಿಮಾಗಳು ಸೀದಾ ಬಾಡಿಗೆ ಅಂಗಡಿಗೆ ಬಂದವು. ಪತ್ರಿಕೆಗಳು ಅವುಗಳನ್ನು 'ವಿಡಿಯೋ ನಾಸ್ಟಿ' ಎಂದು ಕರೆದು ಬೊಬ್ಬೆ ಹೊಡೆದವು, ಪೊಲೀಸರು ಅಂಗಡಿಗಳ ಮೇಲೆ ದಾಳಿ ಮಾಡಿದರು. ಸರ್ಕಾರಿ ಅಭಿಯೋಜಕರ ಕಚೇರಿ ಒಂದು ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಬೇರೆ ಬೇರೆ ಕಾಲಕ್ಕೆ ಒಟ್ಟು 72 ಸಿನಿಮಾಗಳ ಹೆಸರು ಬಂತು. ಅವುಗಳಲ್ಲಿ 39 ಚಿತ್ರಗಳಿಗೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. 1984ರ ವಿಡಿಯೋ ರೆಕಾರ್ಡಿಂಗ್ಸ್ ಕಾಯ್ದೆ ಬಂದ ಮೇಲೆ ಕ್ಯಾಸೆಟ್‌ಗೂ ಸರ್ಟಿಫಿಕೇಟ್ ಕಡ್ಡಾಯವಾಯಿತು.

ಸ್ಯಾಮ್ ರೈಮಿಯವರ 'ದಿ ಈವಿಲ್ ಡೆಡ್' (1981) ಆ ಪಟ್ಟಿಯಲ್ಲಿತ್ತು. ಬ್ರಿಟನ್‌ನಲ್ಲಿ ಅದು ಕತ್ತರಿ ಇಲ್ಲದೆ ಪಾಸಾಗಲು 2001ರವರೆಗೆ ಕಾಯಬೇಕಾಯಿತು. 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' (1974) ಆ ಪಟ್ಟಿಯಲ್ಲಿ ಇರದಿದ್ದರೂ ಅಲ್ಲಿ ಪೂರ್ತಿಯಾಗಿ ಪಾಸಾದದ್ದು 1999ರಲ್ಲಿ. ವಿಚಿತ್ರ ಏನೆಂದರೆ ಅದರಲ್ಲಿ ಕಣ್ಣಿಗೆ ಕಾಣುವ ರಕ್ತ ತೀರಾ ಕಡಿಮೆ. ಒಂದೆರಡು ಫ್ರೇಮ್ ಕತ್ತರಿಸಿ ಸರಿಮಾಡಲು ಆಗದ ಹಾಗೆ ಇಡೀ ಸಿನಿಮಾದಲ್ಲೇ ಭಯ ಇದೆ.

ಬಾಕ್ಸ್ ಮೇಲೆ ಆ ಪದ ಕಂಡರೆ ಸಿನಿಮಾ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಪಟ್ಟಿಯಲ್ಲಿದ್ದ ಎಷ್ಟೋ ಸಿನಿಮಾಗಳು ಸುಮ್ನೆ ಬೇಜಾರು ಹಿಡಿಸುತ್ತವೆ.

ಅನ್‌ಕಟ್ ಡಿಸ್ಕ್‌ನಲ್ಲಿ ಕೆಲವು ಶಾಟ್ ಮಾತ್ರ ಇದ್ದಕ್ಕಿದ್ದಂತೆ ಮಸುಕಾಗುತ್ತವೆ. ನನ್ನ ಡಿಸ್ಕ್ ಕೆಟ್ಟಿದೆಯಾ?

ಕೆಟ್ಟಿಲ್ಲ. ನನಗಂತೂ ಇಡೀ ಡಿಸ್ಕ್‌ನಲ್ಲಿ ಅತಿ ಬೆಲೆಯ ಜಾಗ ಅದೇ.

ಸಿನಿಮಾ ಕತ್ತರಿಸುವಾಗ ನೆಗೆಟಿವ್‌ನಿಂದಲೇ ತುಣುಕು ತೆಗೆದು ಎಸೆದುಬಿಡುತ್ತಿದ್ದರು. ಆಮೇಲೆ ಆ ಸೆಕೆಂಡುಗಳು ಉಳಿದಿರುವುದು ಎಲ್ಲೋ ಒಂದು ಹಳೆಯ ಪ್ರಿಂಟ್‌ನಲ್ಲಿ, ಎಡಿಟಿಂಗ್ ಕೋಣೆಯ ಡಬ್ಬಿಯಲ್ಲಿ, ಕೆಲವೊಮ್ಮೆ ಬರೀ ಒಂದು ವಿಡಿಯೋ ಟೇಪಿನಲ್ಲಿ. ಸಿಕ್ಕಿದ್ದನ್ನು ಸಿಕ್ಕ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡಿ ಜೋಡಿಸುತ್ತಾರೆ. ಕೆನಡಾದ 'ಮೈ ಬ್ಲಡಿ ವ್ಯಾಲೆಂಟೈನ್' (1981) ಹೀಗೇ ಉಳಿಯಿತು. ಗಣಿ ಕಾರ್ಮಿಕನ ಮುಖವಾಡ ಹಾಕಿದ ಕೊಲೆಗಾರನ ಕಥೆ. ರೇಟಿಂಗ್‌ಗಾಗಿ ಕೊಲೆಗಳನ್ನೆಲ್ಲ ಕೊಯ್ದು ಹಾಕಿದ್ದರು. 2009ರ ಡಿಸ್ಕ್‌ನಲ್ಲಿ ಸುಮಾರು 3 ನಿಮಿಷ ಮರಳಿ ಬಂತು, ಗೀರು ಬಿದ್ದ ರೀಲಿನಿಂದ.

ಇಂಥ ಒಂದು ಕೂಡಿಕೆ ನನ್ನ ಕಣ್ಣಲ್ಲಿ ಇನ್ನೂ ಇದೆ. ರಾತ್ರಿ ಒಬ್ಬನೇ ನೋಡುತ್ತಿದ್ದೆ. ಚಿತ್ರ ಸ್ಫಟಿಕದ ಹಾಗೆ ಓಡುತ್ತಿತ್ತು. ಚಾಕು ಕೆಳಗಿಳಿದ ಕ್ಷಣಕ್ಕೆ ನೀಲಿ ಗೋಡೆ ಕಂದು ಬಣ್ಣಕ್ಕೆ ತಿರುಗಿತು. ಪರದೆಯ ಬಲಗಡೆ ಮೇಲಿನಿಂದ ಕೆಳಗೆ ಒಂದು ಬಿಳಿ ಗೀರು ನಡುಗಿತು, ಸದ್ದು ಸ್ವಲ್ಪ ಹೂತುಹೋಯಿತು. ಏಳೆಂಟು ಸೆಕೆಂಡ್ ಅಷ್ಟೇ. ಮತ್ತೆ ನೀಲಿ ಗೋಡೆ. ಆ ಏಳೆಂಟು ಸೆಕೆಂಡನ್ನು ಯಾರೋ ದಶಕಗಟ್ಟಲೆ ಬಿಸಾಡದೆ ಇಟ್ಟುಕೊಂಡಿದ್ದರು. ನನಗೆ ಗಂಟಲು ಕಟ್ಟಿತು, ಸುಳ್ಳಲ್ಲ.

ಎಲ್ಲ ಸಿನಿಮಾಗೂ ಈ ಅದೃಷ್ಟ ಇಲ್ಲ. 'ಇವೆಂಟ್ ಹೊರೈಝನ್' (1997) ಚಿತ್ರದ ಪ್ರಿವ್ಯೂ ನೋಡಿದವರು ತಡೆದುಕೊಳ್ಳಲಾರದೆ ಹೋದರು. ಅತಿ ಭೀಕರ ಭಾಗಗಳನ್ನು ತೆಗೆದರು. ತೆಗೆದದ್ದನ್ನು ಸರಿಯಾಗಿ ಕಾಪಾಡಲಿಲ್ಲ. ವರ್ಷಗಳ ನಂತರ ಹುಡುಕಿದರೆ ಸಿಕ್ಕಿದ ರೀಲು ಉಪಯೋಗಕ್ಕೆ ಬಾರದಷ್ಟು ಹಾಳಾಗಿತ್ತು. ಅದರ ಪೂರ್ತಿ ಆವೃತ್ತಿ ಯಾವಾಗ ಬರುತ್ತದೆ ಎಂದು ಕೇಳುವವರಿಗೆ ಇದೇ ಉತ್ತರ, ಬೇಸರದಿಂದಲೇ ಹೇಳುತ್ತೇನೆ.

'ಹೊಸ 4ಕೆ ರಿಸ್ಟೋರೇಶನ್' ಅಂದರೆ ನಿಜವಾಗಿ ಏನು ಮಾಡಿರುತ್ತಾರೆ?

ಮೂಲ ಕ್ಯಾಮೆರಾ ನೆಗೆಟಿವ್ ಸಿಕ್ಕಿದರೆ ಅದನ್ನು ತೊಳೆದು, ಅಂಚಿನಲ್ಲಿ ಹರಿದ ತೂತುಗಳನ್ನು ಅಂಟಿಸಿ, ಒಂದೊಂದೇ ಫ್ರೇಮ್ ಸ್ಕ್ಯಾನ್ ಮಾಡುತ್ತಾರೆ. ಆಮೇಲೆ ಧೂಳು, ಗೀರು ತೆಗೆಯುವುದು, ಬಣ್ಣ ಕೂಡಿಸುವುದು. ನೆಗೆಟಿವ್ ಇಲ್ಲದಿದ್ದರೆ ಅದರಿಂದ ತೆಗೆದ ಇಂಟರ್‌ಪಾಸಿಟಿವ್. ಅದೂ ಇಲ್ಲದಿದ್ದರೆ ಥಿಯೇಟರ್‌ನಲ್ಲಿ ಓಡಿದ ಪ್ರಿಂಟ್. ಒಂದೊಂದು ಮೆಟ್ಟಿಲು ಇಳಿದ ಹಾಗೂ ವಿವರ ಕಡಿಮೆಯಾಗುತ್ತದೆ. ಆದ್ದರಿಂದ ಬಾಕ್ಸ್‌ನ ಹಿಂಬದಿಯಲ್ಲಿ 4ಕೆ ಎಂಬ ದೊಡ್ಡ ಅಕ್ಷರ ಬಿಟ್ಟು, 'ಮೂಲ ಕ್ಯಾಮೆರಾ ನೆಗೆಟಿವ್‌ನಿಂದ' ಎಂಬ ಸಣ್ಣ ಸಾಲು ಇದೆಯಾ ನೋಡಿ. ಹಳೆಯ ಸ್ಕ್ಯಾನನ್ನೇ ಹಿಗ್ಗಿಸಿ 4ಕೆ ಎಂದು ಮಾರುವುದೂ ಉಂಟು.

16 ಎಂಎಂನಲ್ಲಿ ತೆಗೆದ ಸಿನಿಮಾಗೆ 4ಕೆ ಬೇಕಾ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಟೆಕ್ಸಾಸ್ ಚಿತ್ರವೂ ಈವಿಲ್ ಡೆಡ್ ಕೂಡ 16 ಎಂಎಂನಲ್ಲೇ ತೆಗೆದು, ಥಿಯೇಟರ್‌ಗಾಗಿ 35ಕ್ಕೆ ಹಿಗ್ಗಿಸಿದವು. ಆ ಪುಟ್ಟ ಫ್ರೇಮ್‌ನಲ್ಲಿ 4ಕೆ ತುಂಬುವಷ್ಟು ವಿವರ ಇರುವುದಿಲ್ಲ. ಆದರೆ ಗ್ರೇನ್ ಇರುತ್ತದೆ. ಮರಳು ಕುಣಿದ ಹಾಗೆ ಕಾಣುವ ಆ ಕಣಗಳೇ ಚಿತ್ರ. ಒಳ್ಳೆಯ ಸ್ಕ್ಯಾನ್‌ನಲ್ಲಿ ಅವು ಮರಳಾಗಿಯೇ ಕಾಣುತ್ತವೆ, ಕೆಟ್ಟದ್ದರಲ್ಲಿ ಹುಳು ಹರಿದ ಹಾಗೆ. ಕೆಲವು ಕಂಪನಿಗಳು ಗ್ರೇನ್ ಒರೆಸಿಹಾಕಿ ನಯ ಮಾಡುತ್ತವೆ. ಆಗ ಮುಖಗಳು ಮೇಣದ ಗೊಂಬೆ ಆಗುತ್ತವೆ. ಬೆವರು, ಮೊಡವೆ, ಕೊಳೆ ಎಲ್ಲ ಮಾಯ. ಬೆವರಿಲ್ಲದ ಹಾರರ್ ನನಗೆ ಬೇಡ.

ಒಂದು ಡಿಸ್ಕ್‌ನಲ್ಲಿ ರಕ್ತ ಕಿತ್ತಳೆ, ಇನ್ನೊಂದರಲ್ಲಿ ಕಪ್ಪು ಕೆಂಪು. ಯಾವುದು ಸರಿ?

ಈ ಪ್ರಶ್ನೆ ಕೇಳಿದವರು ನನ್ನ ಗೆಳೆಯರೇ ಸರಿ. ಹಾರರ್ ಡಿಸ್ಕ್‌ನ ಬಣ್ಣ ಪರೀಕ್ಷೆ ಮಾಡಲು ರಕ್ತಕ್ಕಿಂತ ಒಳ್ಳೆಯ ಅಳತೆ ಇಲ್ಲ. ಆದರೆ ಮೂಲದಲ್ಲಿ ಅದು ಯಾವ ಬಣ್ಣದ್ದಿತ್ತು ಎಂದು ಮೊದಲು ಗೊತ್ತಿರಬೇಕು.

'ಸೈಕೋ' (1960) ಕಪ್ಪು ಬಿಳುಪು. ಸ್ನಾನದ ದೃಶ್ಯದಲ್ಲಿ ಹರಿದದ್ದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಕೆಂಪಿಗಿಂತ ಅದೇ ರಕ್ತದ ಹಾಗೆ ಕಾಣುತ್ತದೆ. ಬಣ್ಣ ಬಂದ ಮೇಲೆ ತೊಂದರೆ ಶುರು. ಹರ್ಷೆಲ್ ಗಾರ್ಡನ್ ಲೂಯಿಸ್ ಅವರ 'ಬ್ಲಡ್ ಫೀಸ್ಟ್' (1963) ಈ ರಕ್ತದ ಪ್ರಕಾರಕ್ಕೇ ಮೊದಲ ಹೆಜ್ಜೆ ಎನ್ನುತ್ತಾರೆ. ಅದರಲ್ಲಿ ರಕ್ತ ಬಣ್ಣದ ಡಬ್ಬಿ ಚೆಲ್ಲಿದ ಹಾಗಿದೆ, ಹಾಗೆಯೇ ಇರಬೇಕು. ಆಮೇಲೆ ಮೇಕಪ್ ಕಲಾವಿದ ಡಿಕ್ ಸ್ಮಿತ್ ಒಂದು ಪಾಕ ಮಾಡಿದರು. ಕಾರ್ನ್ ಸಿರಪ್, ಕೆಂಪು ಬಣ್ಣ, ಜೊತೆಗೆ ಸ್ವಲ್ಪ ಹಳದಿ, ಕೆಡದಿರಲು ಮೀಥೈಲ್ ಪ್ಯಾರಾಬೆನ್, ಬಟ್ಟೆಗೆ ಇಂಗಲು ಫೋಟೋ-ಫ್ಲೋ. ಈ ಫೋಟೋ-ಫ್ಲೋ ಫಿಲ್ಮ್ ತೊಳೆಯುವ ಕೋಣೆಯ ದ್ರವ. ವಿಷ, ಬಾಯಿಗೆ ಹಾಕುವ ಹಾಗಿಲ್ಲ. ಆ ಒಂದು ಚೂರು ಹಳದಿಯಿಂದಲೇ ರಕ್ತ ಗುಲಾಬಿಗೆ ತಿರುಗದೆ ನಿಲ್ಲುತ್ತದೆ.

'ಡಾನ್ ಆಫ್ ದಿ ಡೆಡ್'ನ ರಕ್ತ ಹೊಳೆಯುವ ಕೆಂಪು, ಬಣ್ಣದ ಮೇಣದ ಬಳಪ ಕರಗಿಸಿದ ಹಾಗೆ. ಮೇಕಪ್ ಮಾಡಿದ ಟಾಮ್ ಸವೀನಿಗೆ ಆ ಬಣ್ಣ ಹಿಡಿಸಿರಲಿಲ್ಲ. ಚಿತ್ರಕ್ಕೆ ಕಾಮಿಕ್ ಪುಸ್ತಕದ ಕಳೆ ಬರುತ್ತದೆ ಎಂದು ರೊಮೆರೊ ಒಪ್ಪಿದರು. ಈಗ ಯಾರಾದರೂ ರಿಸ್ಟೋರೇಶನ್ ಹೆಸರಿನಲ್ಲಿ ಅದನ್ನು 'ನಿಜವಾದ' ಗಾಢ ಕೆಂಪು ಮಾಡಿದರೆ ಅದು ತಪ್ಪು. ಅರ್ಜೆಂಟೊ ಅವರ 'ಸಸ್ಪಿರಿಯಾ' (1977) ಇನ್ನೂ ಸೂಕ್ಷ್ಮ. ಅದರ ಪ್ರಿಂಟ್‌ಗಳನ್ನು ಟೆಕ್ನಿಕಲರ್‌ನ ಬಣ್ಣ ಒತ್ತುವ ಪದ್ಧತಿಯಲ್ಲಿ ಮಾಡಿದ್ದರು. ಆಗಲೇ ಆ ಪದ್ಧತಿ ಮುಗಿಯುತ್ತಾ ಬಂದಿತ್ತು. ಗೋಡೆ, ದೀಪ, ರಕ್ತ ಎಲ್ಲ ಒಂದೇ ಉರಿಯುವ ಕೆಂಪು. ಛಾಯಾಗ್ರಾಹಕ ಲುಚಿಯಾನೊ ತೊವೊಲಿ ಸ್ವತಃ ಕೂತು ಬಣ್ಣ ನೋಡಿಕೊಂಡ 4ಕೆ ರಿಸ್ಟೋರೇಶನ್ ಬಂದ ಮೇಲೆ, ಹಳೆಯ ಡಿಸ್ಕ್‌ಗಳು ಎಷ್ಟು ದಾರಿ ತಪ್ಪಿದ್ದವು ಎಂದು ಕಂಡಿತು. ಛಾಯಾಗ್ರಾಹಕರ ಅಥವಾ ನಿರ್ದೇಶಕರ ಒಪ್ಪಿಗೆ ಇದೆಯಾ ಎಂದು ನಾನು ಹುಡುಕುವುದು ಇದಕ್ಕೇ.

ಎಚ್‌ಡಿಆರ್, ಅಂದರೆ ತೀರಾ ಕತ್ತಲಿನಿಂದ ತೀರಾ ಬೆಳಕಿನವರೆಗೆ ಹೆಚ್ಚು ಹಂತ ತೋರಿಸುವ ವಿಧಾನ, ಅದರ ಬಗ್ಗೆ ಒಂದು ಮಾತು. ಚೆನ್ನಾಗಿ ಮಾಡಿದರೆ ಕತ್ತಲಲ್ಲಿ ಒದ್ದೆ ರಕ್ತ ಮಿನುಗುತ್ತದೆ, ಪಕ್ಕದ ಒಣಗಿದ ಕಲೆ ಮಂಕಾಗಿಯೇ ಇರುತ್ತದೆ. ಆ ವ್ಯತ್ಯಾಸ ಸಾಮಾನ್ಯ ಬ್ಲೂ-ರೇಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

4ಕೆಯಲ್ಲಿ ನೋಡಿದರೆ ರಬ್ಬರ್ ತಲೆ ರಬ್ಬರ್ ಹಾಗೇ ಕಾಣುತ್ತದೆ ಅಲ್ವಾ?

ಕೆಲವು ಕಡೆ ಕಾಣುತ್ತದೆ. ಕತ್ತಿನ ಬಳಿ ಲೇಟೆಕ್ಸ್ ಅಂಚು ಚರ್ಮಕ್ಕೆ ಸೇರುವ ಗೆರೆ, ಅದರ ಮೇಲೆ ಹಚ್ಚಿದ ಬಣ್ಣ ಒಂದು ಛಾಯೆ ಜಾಸ್ತಿ. ನನಗೆ ಅದು ಕಲಾವಿದನ ಬೆರಳ ಗುರುತು. 'ಸ್ಕ್ಯಾನರ್ಸ್' (1981) ಚಿತ್ರದಲ್ಲಿ ತಲೆ ಒಡೆಯುವ ಶಾಟ್‌ಗೆ ನಕಲಿ ತಲೆಯೊಳಗೆ ಮೇಣ, ಲೇಟೆಕ್ಸ್ ಚೂರು, ತಿಂದು ಮಿಕ್ಕಿದ ಬರ್ಗರ್ ಎಲ್ಲ ತುಂಬಿ, ಹಿಂದಿನಿಂದ ಶಾಟ್‌ಗನ್ ಹೊಡೆದಿದ್ದರು. ಡಿಸ್ಕ್‌ನಲ್ಲಿ ಒಂದೊಂದೇ ಫ್ರೇಮ್ ಮುಂದೆ ಹಾಕಿ ನೋಡಿ. ಯಾವ ಕಂಪ್ಯೂಟರ್ ರಕ್ತವೂ ಹಾಗೆ ಚೆದುರುವುದಿಲ್ಲ. ತಂತಿ, ಅಂಚುಗಳನ್ನು ಡಿಜಿಟಲ್ ಆಗಿ ಅಳಿಸುವುದು ನನಗೆ ಒಪ್ಪಿಗೆ ಇಲ್ಲ. ಅಳಿಸಲೇಬೇಕೆಂದರೆ ಮೂಲವನ್ನೂ ಅದೇ ಸೆಟ್‌ನಲ್ಲಿ ಕೊಡಲಿ.

ಸದ್ದು: ಮೋನೊ ಇಟ್ಟುಕೊಳ್ಳಬೇಕಾ, 5.1 ಹಾಕಬೇಕಾ?

ಮೋನೊ ಅಂದರೆ ಒಂದೇ ದಾರಿಯಲ್ಲಿ ಬರುವ ಸದ್ದು, 5.1 ಅಂದರೆ ಸುತ್ತಲಿನ ಆರು ಸ್ಪೀಕರ್‌ಗಳಿಂದ ಬರುವುದು. ಎರಡೂ ಇದ್ದರೆ ಮೊದಲ ಸಲ ಸಿನಿಮಾ ಬಂದಾಗ ಇದ್ದದ್ದನ್ನೇ ಹಾಕಿ. ಎಷ್ಟೋ 5.1 ರಿಮಿಕ್ಸ್‌ಗಳಲ್ಲಿ ಹೊಸ ಬಾಗಿಲ ಸದ್ದು, ಹೊಸ ಚಾಕು ಸದ್ದು ಸೇರಿಸಿರುತ್ತಾರೆ. ಮೂಲ ಮೋನೊ ಬಿಟ್ಟುಬಿಟ್ಟ ಡಿಸ್ಕನ್ನು ನಾನು ಅರೆಬರೆ ಎಂದೇ ಲೆಕ್ಕ ಹಾಕುತ್ತೇನೆ.

ಇಟಲಿಯ ಸಿನಿಮಾ ನೋಡುವಾಗ ಯಾವ ಭಾಷೆ ಆರಿಸಲಿ?

ಅಲ್ಲಿನ ಜಾಲೊ ಎಂಬ ಕೊಲೆ ರಹಸ್ಯದ ಚಿತ್ರಗಳಲ್ಲಿ ಮಾತನ್ನು ಶೂಟಿಂಗ್ ಆದ ಮೇಲೆ ತುಂಬಿಸುತ್ತಿದ್ದರು. ಜಾಲೊ ಎಂದರೆ ಹಳದಿ. 1929ರಿಂದ ಹಳದಿ ರಕ್ಷಾಪುಟದಲ್ಲಿ ಬಂದ ಪತ್ತೇದಾರಿ ಪುಸ್ತಕಗಳಿಂದ ಬಂದ ಹೆಸರು. ಒಂದೇ ಸಿನಿಮಾದಲ್ಲಿ ಒಬ್ಬ ಇಂಗ್ಲಿಷ್, ಇನ್ನೊಬ್ಬಳು ಇಟಾಲಿಯನ್ ತುಟಿ ಆಡಿಸುತ್ತಿರುತ್ತಾರೆ. ಹಾಗಾಗಿ ಇದೇ ಮೂಲ ಎನ್ನಲು ಆಗದು. ನಾಯಕನ ತುಟಿಗೆ ಕೂಡುವ ಭಾಷೆ ಆರಿಸಿ. ಸಬ್‌ಟೈಟಲ್ ಮಾತ್ರ ನೋಡಿಕೊಳ್ಳಿ: ಇಟಾಲಿಯನ್ ಮಾತಿಗೆ ಇಟಾಲಿಯನ್‌ನಿಂದಲೇ ಅನುವಾದ ಇರಬೇಕು. ಇಂಗ್ಲಿಷ್ ಡಬ್ಬಿಂಗ್‌ನ ಮಾತನ್ನೇ ಬರೆದು ಹಾಕಿದರೆ ಕಥೆಯ ಸುಳಿವೇ ಬದಲಾಗಿಬಿಡುತ್ತದೆ.

ನನ್ನ ಪ್ಲೇಯರ್‌ನಲ್ಲಿ ಓಡುತ್ತದಾ?

4ಕೆ ಡಿಸ್ಕ್ ಯಾವ 4ಕೆ ಪ್ಲೇಯರ್‌ನಲ್ಲಾದರೂ ಓಡುತ್ತದೆ, ರೀಜನ್ ಬೀಗ, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದಂತೆ ಮಾಡುವ ತಡೆ, ಅದಕ್ಕೆ ಇಲ್ಲ. ಸಾಮಾನ್ಯ ಬ್ಲೂ-ರೇಗೆ ಮೂರು ರೀಜನ್. ಎ: ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಆಗ್ನೇಯ ಏಷ್ಯಾ. ಬಿ: ಯೂರೋಪ್, ಆಫ್ರಿಕಾ, ಆಸ್ಟ್ರೇಲಿಯಾ. ಸಿ: ಭಾರತ, ಚೀನಾ, ರಷ್ಯಾ. ಎಡವುವುದು ಎಲ್ಲಿ ಎಂದರೆ, ಸೆಟ್‌ನಲ್ಲಿ ಸಿನಿಮಾ 4ಕೆ ಡಿಸ್ಕ್‌ನಲ್ಲಿದ್ದು, ಎಕ್ಸ್‌ಟ್ರಾಗಳೆಲ್ಲ ಜೊತೆಗಿನ ಬ್ಲೂ-ರೇಯಲ್ಲಿ ಇರುತ್ತವೆ. ಆ ಬ್ಲೂ-ರೇಗೆ ಬೀಗ ಇದ್ದರೆ ಅರ್ಧ ಸೆಟ್ ಸುಮ್ನೆ ಕೂರುತ್ತದೆ. ಕೊಳ್ಳುವ ಮೊದಲೇ ವಿಚಾರಿಸಿ.

ಎಕ್ಸ್‌ಟ್ರಾಗಳಲ್ಲಿ ಏನು ನೋಡಬೇಕು?

ಕಾಮೆಂಟರಿ, ಅಂದರೆ ಸಿನಿಮಾ ಓಡುತ್ತಿರುವಾಗಲೇ ಅದನ್ನು ಮಾಡಿದವರೋ ಬಲ್ಲವರೋ ಅದರ ಬಗ್ಗೆ ಆಡುವ ಮಾತು. 1984ರಲ್ಲಿ 'ಕಿಂಗ್ ಕಾಂಗ್' ಲೇಸರ್‌ಡಿಸ್ಕ್‌ನಲ್ಲಿ (ಡಿವಿಡಿಗೂ ಮೊದಲಿದ್ದ ದೊಡ್ಡ ತಟ್ಟೆ) ಮೊದಲು ಬಂದ ಈ ಪದ್ಧತಿ ಹಾರರ್‌ಗೆ ಹೇಳಿ ಮಾಡಿಸಿದ ಹಾಗಿದೆ. ನಿರ್ದೇಶಕರಿಗಿಂತ ಮೇಕಪ್‌ನವರು, ಎಡಿಟರ್ ಮಾತಾಡಿದ್ದು ನನಗೆ ಇಷ್ಟ. ನಿರ್ದೇಶಕರು ಅರ್ಥ ಹೇಳುತ್ತಾರೆ, ಮೇಕಪ್‌ನವರು ಅಂದು ಪಂಪ್ ಹೇಗೆ ಕೈಕೊಟ್ಟಿತು ಅಂತ ಹೇಳುತ್ತಾರೆ.

ಲಿಮಿಟೆಡ್ ಎಡಿಷನ್ ಮುಗಿದುಹೋಗುತ್ತದೆ ಅಂತ ಅವಸರ ಮಾಡಬೇಕಾ?

ಮುಗಿಯುವುದು ಸಾಮಾನ್ಯವಾಗಿ ಗಟ್ಟಿ ಪೆಟ್ಟಿಗೆ, ಪುಸ್ತಕ, ಸ್ಲಿಪ್‌ಕವರ್. ಅದೇ ಡಿಸ್ಕ್ ಕೆಲವು ತಿಂಗಳ ನಂತರ ಸಾದಾ ಕೇಸ್‌ನಲ್ಲಿ ಬರುವುದು ಹೆಚ್ಚು. ಪುಸ್ತಕದಲ್ಲಿ ಓದುವಂಥ ಬರಹ ಇದ್ದರೆ ನಾನು ಪೆಟ್ಟಿಗೆ ಕೊಳ್ಳುತ್ತೇನೆ. ಬರೀ ಪೋಸ್ಟರ್, ಕಾರ್ಡು ಇದ್ದರೆ ಕಾಯುತ್ತೇನೆ. ಇನ್ನೊಂದು ಲಾಭವೂ ಇದೆ: ಮೊದಲ ಕಂತಿನಲ್ಲಿ ತಪ್ಪಿದ್ದರೆ ಎರಡನೆಯದರಲ್ಲಿ ಸರಿಯಾಗಿರುತ್ತದೆ.

ಡಿಸ್ಕ್‌ನಲ್ಲೇ ತಪ್ಪಿದ್ದರೆ?

ಬಿಡದೆ ಬರೆಯಿರಿ. ಕಾದು ಕಾದು ತರಿಸಿದ ಒಂದು ಸೆಟ್‌ನಲ್ಲಿ ನನಗೆ ಡಿಸ್ಕ್ ಗುಬುಟಿನಿಂದ ಕಳಚಿ, ಪೆಟ್ಟಿಗೆಯೊಳಗೆ ಅಲ್ಲಾಡಿ ಅಲ್ಲಾಡಿ ಗೀರು ಬಿದ್ದು ಬಂದಿತ್ತು. ಸರಿಯಾಗಿ ಕೊನೆಯ ಕೊಲೆಯ ಹೊತ್ತಿಗೆ ಚಿತ್ರ ನಿಂತುಬಿಡುತ್ತಿತ್ತು. ಮಾರಿದವರು ಪೆಟ್ಟಿಗೆ ತೆರೆದ ಮೇಲೆ ತಮ್ಮ ಜವಾಬ್ದಾರಿ ಇಲ್ಲ ಎಂದರು. ಡಿಸ್ಕ್ ತಯಾರಿಸಿದ ಸಂಸ್ಥೆಗೆ ಫೋಟೋ ಸಮೇತ ಬರೆದೆ, ಬದಲಿ ಡಿಸ್ಕ್ ಬಂತು. ಹಾಗಾಗಿ ಬಂದ ವಾರದಲ್ಲೇ ಪೂರ್ತಿ ಓಡಿಸಿ ನೋಡಿ, ತೆಗೆಯುವಾಗ ನಡುವಿನ ಗುಬುಟು ಒತ್ತಿ ತೆಗೆಯಿರಿ. ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತ ಸುತ್ತ ಬೇಡ.

ಇವನ್ನು ಯಾರು ನೋಡಬಾರದು?

ಮಕ್ಕಳು ಖಂಡಿತ ಬೇಡ. ದೊಡ್ಡವರಿಗೂ ಒಂದು ಎಚ್ಚರಿಕೆ ಹೇಳಲೇಬೇಕು. 70, 80ರ ದಶಕದ ಕೆಲವು ಚಿತ್ರಗಳಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ. 'ಕ್ಯಾನಿಬಲ್ ಹೋಲೊಕಾಸ್ಟ್' (1980) ಅದರಲ್ಲಿ ಒಂದು. ಸಿರಪ್ ರಕ್ತದ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ. ಅದನ್ನು ಮಾತ್ರ ನೋಡಲಾರೆ. ಅಂಥ ಡಿಸ್ಕ್‌ಗಳಲ್ಲಿ ಪ್ರಾಣಿ ಹಿಂಸೆ ತೆಗೆದ ಆವೃತ್ತಿಯನ್ನೂ ಕೆಲವರು ಕೊಡುತ್ತಾರೆ. ನೋಡಲೇಬೇಕೆಂದಿದ್ದರೆ ಮೆನುವಿನಲ್ಲಿ ಅದನ್ನೇ ಆರಿಸಿ.

ಮೊದಲ ಡಿಸ್ಕ್ ಯಾವುದು ಕೊಳ್ಳಲಿ?

ನಿಮ್ಮನ್ನು ಮೊದಲ ಸಲ ಹೆದರಿಸಿದ ಸಿನಿಮಾ. ಹಳೆಯ ಕ್ಯಾಸೆಟ್‌ನಲ್ಲೋ ಟಿವಿಯಲ್ಲೋ ನೋಡಿದ್ದು ಮನಸ್ಸಿನಲ್ಲಿರುತ್ತದೆ. ಅದೇ ಸಿನಿಮಾದ ಒಳ್ಳೆಯ ಸ್ಕ್ಯಾನ್ ಹುಡುಕಿ ತನ್ನಿ. ದೀಪ ಆರಿಸಿ, ಸದ್ದು ಸ್ವಲ್ಪ ಏರಿಸಿ. ಅಂದು ಬರೀ ಕಪ್ಪು ಎಂದುಕೊಂಡಿದ್ದ ಆ ಮೂಲೆಯಲ್ಲಿ, ಶುರುವಿನಿಂದಲೂ ಒಬ್ಬ ನಿಂತಿದ್ದದ್ದು ಕಾಣುತ್ತದೆ.